ಅಮ್ಮನ ಫಿಲ್ಟರ್, ಮಗನ ಕಮ್ಯುನಿಕೇಟರ್

ಯುಗಾದಿಗೆ ಮುಂಚೆ ಮನೆಯನ್ನೆಲ್ಲ ಬುಡಮೇಲು ಮಾಡಿ ಸ್ವಚ್ಛ ಮಾಡುವ ಹುಚ್ಚು ನನಗೆ ಅಮ್ಮನಿಂದ ಬಂದದ್ದು. ಈ ಸಲವೂ ಅಟ್ಟ, ಕಪಾಟು, ಮಂಚದ ಕೆಳಗೆ ಎಲ್ಲ ಕಡೆ ಕೈಯಾಡಿಸಿದೆ. ಮಗ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆಯಲು ಹೋಗಿದ್ದ. ಅವನ ಮೇಜಿನ ಕೆಳಗೊಂದು ಹಳೇ ಬಿಸ್ಕತ್ ಡಬ್ಬಿ. ತೆಗೆದು ನೋಡಿದರೆ ಪ್ಲಾಸ್ಟಿಕ್ ಚೂರುಗಳು, ಒಂದೆರಡು ಸ್ಪ್ರಿಂಗ್, ಬಣ್ಣ ಹೋದ ಒಂದು ಜಾಲರಿ, ಗೆರೆಗೆರೆಯ ಬಿಲ್ಲೆ. ಕಸ ಅಂದುಕೊಂಡು ಹಳೇ ಪೇಪರ್‌ನವನ ಚೀಲಕ್ಕೆ ಸುರಿದುಬಿಟ್ಟೆ.

ಮಧ್ಯಾಹ್ನ ಬಂದವನು ಹುಡುಕಾಡಿ, "ಅಮ್ಮ, ಇಲ್ಲೊಂದು ಡಬ್ಬಿ ಇತ್ತಲ್ಲ?" ಅಂದ. ಹೇಳಿದೆ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಮುಗಿಸುತ್ತಿದ್ದೆ. ಅವನು "ಸರಿ ಬಿಡು" ಅಂದು ಬಾಗಿಲು ಹಾಕಿಕೊಂಡ. ಆ "ಸರಿ ಬಿಡು" ನನ್ನನ್ನು ರಾತ್ರಿಯಿಡೀ ಮಲಗಲು ಬಿಡಲಿಲ್ಲ.

ಮಾರನೇ ದಿನ ಬೆಳಿಗ್ಗೆಯೇ ಸಾರಕ್ಕಿಯ ಹಳೇ ಪೇಪರ್ ಅಂಗಡಿಗೆ ಓಡಿದೆ. ಅಲ್ಲಿ ಎದೆಮಟ್ಟದ ರಾಶಿ. "ಪ್ಲಾಸ್ಟಿಕ್ ಎಲ್ಲ ನಿನ್ನೇನೇ ಗಾಡಿಗೆ ಹೋಯ್ತು ಮೇಡಂ. ಏನು, ಚಿನ್ನ ಗಿನ್ನ ಇತ್ತಾ?" ಅಂದ ಆ ಹುಡುಗ. ಇಲ್ಲಪ್ಪ, ಆಟದ ಸಾಮಾನು ಅಂದೆ. ಅವನು ನನ್ನ ನರೆತ ತಲೆಯನ್ನು ನೋಡಿ ಸುಮ್ಮನಾದ.

ಆ ಆಟದ ಸಾಮಾನಿನ ಕಥೆ ಹೇಳಬೇಕು. ಅಮೆರಿಕದಲ್ಲಿರುವ ನನ್ನ ತಮ್ಮ ಎರಡು ವರ್ಷದ ಹಿಂದೆ ಬಂದಾಗ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕಮ್ಯುನಿಕೇಟರ್‌ನ ಆಟಿಕೆ ತಂದುಕೊಟ್ಟಿದ್ದ. ಅಂಗೈಯಗಲದ ಕಪ್ಪು ಡಬ್ಬಿ. ಮೇಲಿನ ಜಾಲರಿ ಮುಚ್ಚಳವನ್ನು ಚಿಮ್ಮಿಸಿ ತೆರೆದರೆ ಹಕ್ಕಿಯ ಹಾಗೆ ಕಿಚಕಿಚ ಅನ್ನುತ್ತದೆ. ನಾನು ಚಿಕ್ಕವಳಿದ್ದಾಗ, 1980ರ ದಶಕದಲ್ಲಿ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಈ ಧಾರಾವಾಹಿ ಬರುತ್ತಿತ್ತು. ಅಮೆರಿಕದಲ್ಲಿ 1966ರಿಂದ 1969ರವರೆಗೆ ಪ್ರಸಾರವಾಗಿ ಹಳತಾದದ್ದು ನಮಗೆ ಹೊಸದು. ಅಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಮಾಡುವವರು. ಮನೆಗೊಂದು ಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯುವ ಕಾಲ ಅದು. ಕ್ಯಾಪ್ಟನ್ ಕರ್ಕ್ ಸೊಂಟದಿಂದ ಡಬ್ಬಿ ತೆಗೆದು ಆಕಾಶದ ಹಡಗಿನ ಜೊತೆ ಮಾತಾಡಿದರೆ ಅಪ್ಪ, "ನೋಡೇ, ವೈರೇ ಇಲ್ಲ!" ಎಂದು ಪ್ರತಿ ವಾರವೂ ಅಷ್ಟೇ ಆಶ್ಚರ್ಯಪಡುತ್ತಿದ್ದರು.

ಮಗನಿಗೆ ಕಥೆಗಿಂತ ಆ ಡಬ್ಬಿಯ ಮೇಲೇ ಮೋಹ. ಅಂಗಡಿಯ ಆಟಿಕೆಯನ್ನು ಟಿವಿಯಲ್ಲಿದ್ದದ್ದರ ಹಾಗೆ ಮಾಡಬೇಕು ಅಂತ ಒಂದು ವರ್ಷದಿಂದ ಅದರ ಹಿಂದೆ ಬಿದ್ದಿದ್ದ. ಪ್ಲಾಸ್ಟಿಕ್ ಅಂಚುಗಳನ್ನೂ ಕಂಪನಿ ಅಕ್ಷರಗಳನ್ನೂ ಮರಳುಕಾಗದದಲ್ಲಿ ಉಜ್ಜಿ ತೆಗೆದಿದ್ದ. ಮೊದಲು 400 ನಂಬರ್, ಆಮೇಲೆ 800, ನೀರು ಹಾಕಿಕೊಂಡು. ಸ್ಕ್ರೂ ತೂತುಗಳಿಗೆ ಜೆ.ಸಿ. ರಸ್ತೆಯಿಂದ ತಂದ ಕಾರಿನ ಪುಟ್ಟಿ ತುಂಬಿದ್ದ. ಇವರು ನೋಡಿ, "ಪಿಯುಸಿ ಹುಡುಗ ಗೊಂಬೆಗೆ ಪೌಡರ್ ಹಚ್ಚಿಕೊಂಡು ಕೂತಿದಾನೆ" ಅಂದಿದ್ದರು. ನಾನೂ ನಕ್ಕಿದ್ದೆ. ಡಬ್ಬಿ ಎಸೆದದ್ದಕ್ಕಿಂತ ಆ ನಗು ಅವನಿಗೆ ಹೆಚ್ಚು ಚುಚ್ಚಿತ್ತೇನೋ.

ಪರೀಕ್ಷೆ ಮುಗಿದ ಮೇಲೆ ನಾನೇ ಕೇಳಿದೆ, "ನಾನು ಎಸೆದದ್ದನ್ನೆಲ್ಲ ಮತ್ತೆ ಹುಡುಕೋಣ ಬಾ, ಏನೇನು ಬೇಕು ಬರಿ" ಅಂತ. ಚೀಟಿ ಬರೆದುಕೊಟ್ಟ. ಮಾತು ಮಾತ್ರ ಅಳೆದು ತೂಗಿ.

ಜೆ.ಪಿ. ನಗರದಲ್ಲೇ 20 ವರ್ಷದಿಂದ ಇದ್ದರೂ ನನಗೆ ಗೊತ್ತಿದ್ದದ್ದು ತರಕಾರಿ, ಸೀರೆ, ದೇವಸ್ಥಾನದ ದಾರಿಗಳು ಮಾತ್ರ. ಆ ಬೇಸಿಗೆಯಲ್ಲಿ ಇನ್ನೊಂದು ದಕ್ಷಿಣ ಬೆಂಗಳೂರು ನೋಡಿದೆ. ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಗೆರೆಗಳ ಬಿಲ್ಲೆಯನ್ನು ಎರಡು ಪ್ರತಿ ಪ್ರಿಂಟ್ ಮಾಡಿಸಿದೆವು. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಬಿದ್ದಾಗ ಅಲೆಅಲೆಯಾಗಿ ಕಾಣುತ್ತದಲ್ಲ, ಅದೇ ತಂತ್ರ. ಕೆಳಗಿನ ಬಿಲ್ಲೆ ನಿಂತಿರುತ್ತದೆ, ಮೇಲಿನದು ತಿರುಗುತ್ತದೆ, ನಡುವೆ ಏನೋ ಜೀವ ಮಿಸುಕಿದ ಹಾಗೆ. ಮೂಲ ಕಮ್ಯುನಿಕೇಟರನ್ನು ರೂಪಿಸಿದವರು ಹಾಲಿವುಡ್‌ನ ವಾ ಚಾಂಗ್ ಎಂಬ ಕಲಾವಿದರು. ಹತ್ತಿರದಿಂದ ಚಿತ್ರೀಕರಿಸುವ ಡಬ್ಬಿಗಳಲ್ಲಿ ಆ ಬಿಲ್ಲೆಯನ್ನು ತಿರುಗಿಸುತ್ತಿದ್ದದ್ದು ಕೀ ಕೊಡುವ ಸ್ಟಾಪ್‌ವಾಚ್‌ನ ಯಂತ್ರವಂತೆ. ಇಪ್ಪತ್ತಮೂರನೇ ಶತಮಾನದ ಯಂತ್ರದ ಹೊಟ್ಟೆಯಲ್ಲಿ ಪಿ.ಟಿ. ಮೇಷ್ಟ್ರ ಗಡಿಯಾರ!

ಸ್ಟಾಪ್‌ವಾಚ್ ಹುಡುಕಿಕೊಂಡು ಜಯನಗರ 4ನೇ ಬ್ಲಾಕಿಗೆ ಹೋದೆವು. ಕಾಂಪ್ಲೆಕ್ಸ್‌ನಲ್ಲಿ ಪುಟ್ಟಣ್ಣ ಥಿಯೇಟರ್ ಇದ್ದ ಕಾಲದಿಂದ ಆ ಕಡೆ ಕೂತಿರುವ ವಾಚ್ ರಿಪೇರಿಯವರೊಬ್ಬರಿದ್ದಾರೆ. ಅಮ್ಮನ ವಾಚಿಗೆ ಅವರೇ ಡಾಕ್ಟರು. ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ, "ಸ್ಟಾಪ್‌ವಾಚ್ ಎಲ್ಲಿಂದ ತರ್ಲಿ? ಯಾಕೆ ಬೇಕು?" ಅಂದರು. ನನಗೆ ಹೇಳಲು ನಾಚಿಕೆ. ಮಗನೇ ಡಬ್ಬಿ ಬಿಚ್ಚಿ ತೋರಿಸಿದ. ಅವರು ಪೂರ್ತಿ ಕೇಳಿಸಿಕೊಂಡು, ಡ್ರಾಯರ್‌ನಿಂದ ಗಾಜು ಒಡೆದ ಒಂದು ಎಚ್‌ಎಂಟಿ ಕೀ ವಾಚ್ ತೆಗೆದರು. "ಸೆಕೆಂಡ್ ಮುಳ್ಳಿನ ಕಡ್ಡಿಗೆ ನಿಮ್ಮ ಪ್ಲಾಸ್ಟಿಕ್ ಅಂಟಿಸೋಣ. ನಿಮಿಷಕ್ಕೊಂದು ಸುತ್ತು. ಹಗುರ ಇದ್ರೆ ಎಳೆಯುತ್ತೆ, ಭಾರ ಆದ್ರೆ ನಿಂತೋಗುತ್ತೆ." ಮೊದಲನೇ ಸಲ ನಿಂತಿತು. ಬಿಲ್ಲೆಯನ್ನು ಇನ್ನಷ್ಟು ಚಿಕ್ಕದಾಗಿ ಕತ್ತರಿಸಿದರು. ಓಡಿತು. ದುಡ್ಡು ಕೊಡಲು ಹೋದರೆ, "ಕಾರ್ಖಾನೆಯೇ ಮುಚ್ಚಿಹೋಯ್ತು, ವಾಚಾದರೂ ಓಡ್ಲಿ ಬಿಡಮ್ಮ" ಅಂದರು. ಬಲವಂತವಾಗಿ 100 ರೂಪಾಯಿ ಇಟ್ಟು ಬಂದೆ.

ಎಲ್‌ಇಡಿ ದೀಪಕ್ಕೆ ಮಾತ್ರ ನಮ್ಮ ಕಡೆ ಬಿಟ್ಟು ಎಸ್.ಪಿ. ರಸ್ತೆಗೇ ಹೋಗಬೇಕು. ಜೆ.ಪಿ. ನಗರ ಸ್ಟೇಷನ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆಯಲ್ಲಿ ಇಳಿದು ನಡೆಯುವ ದೂರ. ಗೇಣಗಲದ ಅಂಗಡಿಗಳು, ಗೋಡೆ ತುಂಬ ಪುಟ್ಟ ಡ್ರಾಯರ್‌ಗಳು. ನಮ್ಮಜ್ಜಿಯ ಊರಿನ ಗಂಧಿಗೆ ಅಂಗಡಿಯೇ ನೆನಪಾಯಿತು. ಇಲ್ಲಿ ಶುಂಠಿ, ಹಿಪ್ಪಲಿ ಬದಲು ರೆಸಿಸ್ಟರ್, ಕೆಪಾಸಿಟರ್. ಮಗ 68 ಓಮ್‌ನದ್ದು 10 ಪೀಸ್ ತಗೊಂಡ.

ಅದನ್ನು ಅಪ್ಪನಿಗೆ ತೋರಿಸಿದ್ದೇ ತಪ್ಪಾಯಿತು, ಅಥವಾ ಒಳ್ಳೆಯದೇ ಆಯಿತು. ಅಪ್ಪ ಇರುವುದು ಜಯನಗರ 4ನೇ ಟಿ ಬ್ಲಾಕ್‌ನ ಹಳೇ ಮನೆಯಲ್ಲಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೂ ಐಟಿಐ ಶುರುವಾದದ್ದೂ 1948ರಲ್ಲೇ. ಎರಡೂ ತಮ್ಮ ಸ್ವಂತ ಆಸ್ತಿ ಅನ್ನುವ ಹಾಗೆ ಅಪ್ಪ ಮಾತಾಡುತ್ತಾರೆ. ನಮ್ಮ ಮನೆಯಿಂದ ಹೊರಟು, ಮಾರೇನಹಳ್ಳಿ ರಸ್ತೆಯಲ್ಲಿ ಕೆಳಗೆ ವಾಹನ, ಮೇಲೆ ಫ್ಲೈಓವರ್, ಅದರ ಮೇಲೆ ಹಳದಿ ಮಾರ್ಗದ ಮೆಟ್ರೊ, ಈ ಮೂರಂತಸ್ತಿನ ಗದ್ದಲ ದಾಟಿ, ರಾಗಿಗುಡ್ಡದ ಆಂಜನೇಯನಿಗೆ ಕೆಳಗಿನಿಂದಲೇ ಕೈಮುಗಿದು ನಡೆದರೆ ಅಪ್ಪನ ಮನೆ. ಅಮ್ಮ ಹೋದ ಮೇಲೆ, ಕೈ ನಡುಕ ಶುರುವಾದ ಮೇಲೆ, ಅವರು ಸೋಲ್ಡರಿಂಗ್ ಕಡ್ಡಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಿದ್ದರು. ಟಿವಿ ಮುಂದೆ ಕೂತರೆ ಕೂತೇ ಇರುತ್ತಿದ್ದರು.

ರೆಸಿಸ್ಟರ್ ನೋಡಿದವರೇ ಕನ್ನಡಕ ಕೇಳಿದರು. "ಯಾವನು ಹೇಳಿದ್ದು 68 ಅಂತ?"

"ಸೆಲ್ 3 ವೋಲ್ಟ್, ಕೆಂಪು ಎಲ್‌ಇಡಿಗೆ 2 ಹೋದ್ರೆ ಉಳಿದಿದ್ದು 1. 15 ಮಿಲಿಆಂಪ್ ಹಾಕಿ ಭಾಗ್ಸಿದೆ ತಾತ."

"ಲೆಕ್ಕ ಸರಿ ಕಣೋ, ಬುದ್ಧಿ ಸರಿ ಇಲ್ಲ. ಬಟನ್ ಸೆಲ್‌ನಿಂದ 15 ಕೇಳಿದ್ರೆ ಪಾಪ ಅದು ಎಷ್ಟು ದಿನ ಬದುಕುತ್ತೆ? 5 ಸಾಕು. 200 ಬರುತ್ತೆ, ಮಾರ್ಕೆಟ್ಟಲ್ಲಿ ಸಿಗೋದು 220."

ಮತ್ತೆ ಎಸ್.ಪಿ. ರಸ್ತೆ. ಈ ಸಲ ಅವನೊಬ್ಬನೇ ಹೋಗಿಬಂದ.

ಅಪ್ಪನ ವರಾಂಡವೇ ಕಾರ್ಖಾನೆಯಾಯಿತು. ಕಡ್ಡಿ ಹಿಡಿಯುವುದು ಮೊಮ್ಮಗ, ಬೈಯುವುದು ತಾತ. "ಸೀಸ ಕರಗಿಸ್ಬೇಡ, ಜಾಯಿಂಟ್ ಬಿಸಿ ಮಾಡು, ಸೀಸ ತಾನೇ ಹರಿಯುತ್ತೆ." ಒಂದು ದಿನ ತಡೆಯಲಾರದೆ ತಾವೇ ಕಡ್ಡಿ ತಗೊಂಡರು. ಕೈ ಅದುರಿ ವೈರಿನ ಸಿಪ್ಪೆ ಸುಟ್ಟಿತು. ವಾಪಸ್ ಕೊಟ್ಟು, ಎದ್ದು ಒಳಗೆ ಹೋದರು. ನಾನು ಕಾಫಿ ಮಾಡುವ ನೆಪದಲ್ಲಿ ಹಿಂದೆಯೇ ಹೋದೆ. ಅಡುಗೆಮನೆ ಅಟ್ಟದ ಕಡೆ ಕೈತೋರಿಸಿ, "ಅದನ್ನ ಇಳಿಸು" ಅಂದರು.

ಅಮ್ಮನ ಹಿತ್ತಾಳೆ ಫಿಲ್ಟರ್. ಕೆಳಗಿನ ಪಾತ್ರೆಯ ಬೆಸುಗೆ ಬಿಟ್ಟು ಡಿಕಾಕ್ಷನ್ ಸೋರುತ್ತಿತ್ತು, ಸ್ಟೀಲಿನದು ಬಂದಿತ್ತು. ಆದರೂ ಅಮ್ಮ ಅದನ್ನು ಎಸೆದಿರಲಿಲ್ಲ. ಪ್ರತಿ ಯುಗಾದಿಗೂ ಅಟ್ಟದಿಂದ ಇಳಿಸಿ, ತೊಳೆದು, ಮತ್ತೆ ಅಟ್ಟಕ್ಕೇ ಏರಿಸುತ್ತಿದ್ದಳು.

"ಜಾಲರಿ ಲೋಹದ್ದೇ ಬೇಕು ಅಂತಿದ್ನಲ್ಲ" ಅಂದರು ಅಪ್ಪ.

ನಾನು ಬೇಡ ಅಂದೆ. ಬೇರೆ ತರೋಣ, ಅಂಗಡಿಯಲ್ಲಿ ಸಿಗುತ್ತೆ ಅಂದೆ. ಮಗನೂ ಬೇಡ ತಾತ ಅಂದ. ಅಪ್ಪ ಕೇಳಲಿಲ್ಲ. ಮೇಲಿನ ಪಾತ್ರೆಯ ತಳ, ಆ ಸಣ್ಣ ತೂತುಗಳ ಬಿಲ್ಲೆ, ತಗಡು ಕತ್ತರಿಗೆ ಸಿಕ್ಕಾಗ ಕರ್ ಅಂತ ಒಂದು ಸದ್ದು ಬಂತು. ನಾನು ಹಿತ್ತಲಿಗೆ ಹೋಗಿ ನಿಂತೆ. ತೂತುಗಳು ಟಿವಿಯಲ್ಲಿದ್ದದ್ದಕ್ಕಿಂತ ಚಿಕ್ಕವು, ಗೊತ್ತಿದ್ದವರು ತಕ್ಷಣ ಕಂಡುಹಿಡಿಯುತ್ತಾರಂತೆ. ಕಂಡುಹಿಡಿಯಲಿ.

ಕೊನೆಗೆ ಒಳಗೆ ನಾಲ್ಕು ಕಬ್ಬಿಣದ ವಾಷರ್ ಅಂಟಿಸಿದರು. ತೂಕ ಬರಲಿ ಅಂತ. ಇದು ನನಗೆ ತಿಳಿದಿರಲಿಲ್ಲ. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಕೈಗೆತ್ತಿಕೊಂಡಾಗ ಹಗುರವಾಗಿದ್ದರೆ ಅದು ಆಟಿಕೆಯೇ. ವಾಷರ್ ಬಿದ್ದ ಮೇಲೆ ಹಿಡಿದು ನೋಡಿದೆ. ಮುಚ್ಚಳ ಚಿಮ್ಮಿತು, ಕಿಚಕಿಚ ಅಂತು, ಕೆಂಪು ದೀಪ ಹತ್ತಿತು, ಬಿಲ್ಲೆ ನಿಧಾನಕ್ಕೆ ಅಲೆಯಾಡಿತು. ಇವರೂ ಬಂದು ನೋಡಿದರು. ಪೌಡರ್ ಮಾತು ಎತ್ತಲಿಲ್ಲ.

ಜುಲೈನಲ್ಲಿ ಮಗ ಓದಲು ಬೇರೆ ಊರಿಗೆ ಹೊರಟ. ಕಮ್ಯುನಿಕೇಟರ್ ತಗೊಂಡು ಹೋಗಲ್ವೇನೋ ಅಂದೆ. "ಹಾಸ್ಟೆಲ್‌ನಲ್ಲಿ ಬೇಡ" ಅಂದ. ಸರಿ, ನಿನ್ನ ಮೇಜಿನ ಮೇಲೇ ಇಡ್ತೀನಿ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ, "ತಾತನ ಮನೇಲೇ ಇರ್ಲಿ ಅಮ್ಮ. ದಿನಾ ಕೀ ಕೊಡ್ಬೇಕಲ್ಲ" ಅಂದ. ಕೀ ನೆಪ ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ನಿನ್ನೆ ಅಪ್ಪನ ಮನೆಗೆ ಹೋಗಿದ್ದೆ. ಔಷಧಿ ಡಬ್ಬಿಯ ಪಕ್ಕದಲ್ಲೇ ಇತ್ತು. ತಿರುಪಿಗೆ ಬೆರಳು ಸರಿಯಾಗಿ ಕೂರುವುದಿಲ್ಲ, ಬೆಳಗಿನ ಕಾಫಿ ಆರುವಷ್ಟು ಹೊತ್ತು ಹಿಡಿಯುತ್ತದೆ, ಆದರೂ ಕೀ ಕೊಡಲು ಯಾರಿಗೂ ಬಿಡುವುದಿಲ್ಲ. ಮಳೆಗಾಲದ ಥಂಡಿಗೆ ಜಾಲರಿ ಸ್ವಲ್ಪ ಕಪ್ಪಗಾಗಿತ್ತು. ಒಂಚೂರು ಹುಣಸೆಹಣ್ಣು ನೆನೆಹಾಕು ಅಂದರು ಅಪ್ಪ. ತಿಕ್ಕುವಾಗ ಪೇಂಟಿಗೆ ತಾಗದ ಹಾಗೆ ನೋಡಿಕೋ ಅಂತಲೂ ಅಂದರು.