ಸಾಧು ಗಂಟು

ನನ್ನ ಎಡ ಮೊಣಕಾಲಿನ ಸ್ವಲ್ಪ ಮೇಲೆ, ಹಿಂಬದಿಯ ಒಳಮಗ್ಗುಲಿಗೆ, ಅಡಿಕೆ ಗಾತ್ರದ ಮೂಳೆಯ ಗಂಟೊಂದಿತ್ತು. ಹೈಸ್ಕೂಲಿನಲ್ಲಿದ್ದಾಗ ಎಕ್ಸ್‌ರೇ ನೋಡಿದ ಡಾಕ್ಟರು ಆಸ್ಟಿಯೋಕಾಂಡ್ರೋಮಾ ಎಂದು ಚೀಟಿಯಲ್ಲಿ ಬರೆದು, ಅಮ್ಮನಿಗೆ "ಕ್ಯಾನ್ಸರ್ ಅಲ್ಲಮ್ಮ, ಸಾಧು ಗಂಟು" ಎಂದರು. ಮನೆಯಲ್ಲಿ ಅದಕ್ಕೆ ಅದೇ ಹೆಸರಾಯಿತು.

ಅವರು ಹೇಳಿದ್ದು ಸರಿಯೇ. ಕ್ಯಾನ್ಸರ್ ಅಲ್ಲದ ಮೂಳೆ ಗಡ್ಡೆಗಳಲ್ಲಿ ಇದೇ ಹೆಚ್ಚು. ಎಳೆಯ ಮೂಳೆಯ ಬೆಳೆಯುವ ತುದಿಯಿಂದ ಪಕ್ಕಕ್ಕೆ ಚಿಗುರಿ, ಮೃದ್ವಸ್ಥಿಯ ಟೋಪಿ ಹೊತ್ತು ಬೆಳೆಯುತ್ತದೆ. ನಾವು ಎತ್ತರವಾಗುವುದು ನಿಂತಾಗ ತಾನೂ ನಿಲ್ಲುತ್ತದೆ. ಬಹಳ ಜನರಿಗೆ ಅದು ಇರುವುದೇ ತಿಳಿಯುವುದಿಲ್ಲ.

ಆದರೆ ಮೊಣಕಾಲಿನ ಹಿಂದೆ ಜಾಗ ಕಡಿಮೆ. ಪಾದಕ್ಕೆ ರಕ್ತ ಒಯ್ಯುವ ಪಾಪ್ಲಿಟಿಯಲ್ ಅಪಧಮನಿ ಮೂಳೆಗೆ ಒತ್ತಿಕೊಂಡೇ ಇಳಿಯುತ್ತದೆ. ಮೇಲೆ ತೊಡೆಯ ಸ್ನಾಯುವಿನ ಸಂದಿ, ಕೆಳಗೆ ಮೀನಖಂಡದ ಸ್ನಾಯುವಿನ ಕಮಾನು ಅದನ್ನು ಹಿಡಿದಿರುವುದರಿಂದ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಲಾರದು. ಬೆಳವಣಿಗೆ ಮುಗಿದಾಗ ಗಂಟಿನ ಮೆತ್ತನೆಯ ಟೋಪಿ ಗಟ್ಟಿಯಾಗಿ ಒರಟಾಗುತ್ತದೆ. ಕಾಲು ಮಡಚಿ ಬಿಡಿಸಿದಾಗಲೆಲ್ಲ ಬಾವಿಕಟ್ಟೆಗೆ ಹಗ್ಗ ಉಜ್ಜಿದಂತೆ ನಾಳ ಅದಕ್ಕೆ ಉಜ್ಜುತ್ತದೆ. ಅಪರೂಪಕ್ಕೆ ಗೋಡೆ ತೂತಾಗಿ, ಹೊರಬಂದ ರಕ್ತ ಸುತ್ತಲಿನ ಅಂಗಾಂಶದೊಳಗೆ ಚೀಲ ಕಟ್ಟುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಚೂರು ಜಾರಿದರೆ ಪಾದದ ರಕ್ತವೇ ನಿಲ್ಲಬಹುದು.

ಪಿಎಚ್‌ಡಿಯ ಎರಡನೇ ವರ್ಷ, ಲೈಬ್ರರಿಯ ಮೆಟ್ಟಿಲು ಹತ್ತುವಾಗ ಮೀನಖಂಡ ಹಿಡಿದುಕೊಳ್ಳತೊಡಗಿತು. ಒಂದು ರಾತ್ರಿ ಮೊಣಕಾಲ ಹಿಂದೆ ಕೈಯಿಟ್ಟರೆ ಊತ ಎದೆಯಂತೆ ಮಿಡಿಯುತ್ತಿತ್ತು. ಸ್ಕ್ಯಾನ್ ನೋಡಿದ ಸರ್ಜನ್ ಕಾಲು ಉಳಿಸುವ ಮಾತನ್ನು ಮೊದಲು ಆಡಿದರು. "ಸಾಧು ಅಂದಿದ್ರಲ್ಲ?" ಎಂದು ಅಮ್ಮ ನನ್ನನ್ನೇ ಕೇಳಿದಳು. ಆ ಮಾತು ಗಂಟಿನ ಗುಣದ್ದು, ಅದರ ನೆರೆಹೊರೆಯದ್ದಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಗಂಟನ್ನು ಕೆತ್ತಿ ತೆಗೆದು, ತೂತಿಗೆ ನನ್ನದೇ ಕಾಲಿನ ಅಭಿಧಮನಿಯ ತೇಪೆ ಹಾಕಿದರು. ಹಾಸಿಗೆಯಲ್ಲಿ ಓದುತ್ತ ಜಾನ್ ಹಂಟರ್ ಸಿಕ್ಕಿದ. 1785ರಲ್ಲಿ ಲಂಡನ್ನಿನಲ್ಲಿ, ಗಾಡಿ ಹೊಡೆಯುವವನೊಬ್ಬನ ಮೊಣಕಾಲ ಹಿಂದಿನ ಅಪಧಮನಿ ಉಬ್ಬಿತ್ತು. ಕಾರಣ ಗಂಟಲ್ಲ, ಜಾಗ ಮಾತ್ರ ಇದೇ. ಕಾಲು ಕತ್ತರಿಸುವ ಬದಲು ಹಂಟರ್ ತೊಡೆಯಲ್ಲೇ ನಾಳವನ್ನು ಕಟ್ಟಿದ. ಸಣ್ಣ ಕವಲುಗಳು ಪಾದವನ್ನು ಸಾಕಿದವು. ಕಾಲು ಉಳಿಯಿತು. ತೊಡೆಯ ಆ ದಾರಿಗೆ ಈಗಲೂ ಅವನ ಹೆಸರಿದೆ.

ಈಗ ತಪಾಸಣೆಗೆ ಹೋದರೆ ಯಾರೂ ಮೊದಲು ಮೊಣಕಾಲು ನೋಡುವುದಿಲ್ಲ. ಪಾದದ ಮೇಲೆ ಎರಡು ಬೆರಳಿಟ್ಟು ಸುಮ್ಮನೆ ಕಾಯುತ್ತಾರೆ. ನಾನೂ ಉಸಿರು ಹಿಡಿದು ಕಾಯುತ್ತೇನೆ.