ಮೂರರ ನಡೆಗೆ ನಾಲ್ಕರ ಗುದ್ದು

ಹೋದ ವಾರ ರಾತ್ರಿ ರೋಣದ ಗೆಳೆಯನ ಮಾಳಿಗೆಯಲ್ಲಿ ಹಲಗಿಯ ಪೆಟ್ಟು ಕೊನೆಗೂ ಹಾಡಿನೊಳಗೆ ಸರಿಯಾಗಿ ಕೂತಿತು. ಕೂತದ್ದು ಎಲ್ಲರಿಗೂ ಒಟ್ಟಿಗೆ ಗೊತ್ತಾಯಿತು, ಐದೂ ಜನ ಎದ್ದು ಹೆಜ್ಜೆ ಹಾಕಿದೆವು. ಹಾರ್ಮೋನಿಯಂ, ಗಿಟಾರ್ ಹಿಡಿದು ಇಷ್ಟು ದಿನ ಮೆಲ್ಲಗೆ ಹಾಡಿಕೊಂಡಿದ್ದ ನಮ್ಮ ಮೇಳ ಈಗ ಪ್ಯಾಡು, ಸಿಂತಸೈಜರ್, ಲ್ಯಾಪ್‌ಟಾಪಿನ ಕಡೆ ಹೊರಳಿದೆ. ಜನ ಕೂತು ಕೇಳಿದ್ದು ಸಾಕು, ಇನ್ನು ಕುಣಿಯಲಿ ಎಂಬ ಆಸೆ.

"ಏನ್ರೋ ತಮ್ಮಾ, ನೀವೂ ಡೀಜೆ ಆದ್ರೇನು?" ಎಂದರು ನರಗುಂದದ ಹಿರಿಯ ಭಜನಾ ಮಾಸ್ತರರು. ಅವರ ಸಂಕಟ ನನಗೆ ತಿಳಿಯುತ್ತದೆ. ಆದರೆ ಕುಣಿತ ನಮಗೆ ಹೊಸದಲ್ಲ. ಮೊಹರಮ್ಮಿನ ಹೆಜ್ಜೆಮೇಳದಲ್ಲಿ ಇರುವುದಾದರೂ ಏನು? ಒಂದೇ ಪೆಟ್ಟು ಮತ್ತೆ ಮತ್ತೆ, ಗೊತ್ತಾಗದಂತೆ ಏರುವ ವೇಗ, ಸುತ್ತಿ ಬರುವ ಕಾಲು. ಯಂತ್ರವೂ ಹೊಸದಲ್ಲ. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಕಂಪನಿಯ ಟಿಆರ್-808 ತಾಳಯಂತ್ರ, ಟಿಬಿ-303 ಸಿಂತಸೈಜರ್ ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದ್ದರು.

ನನ್ನ ಜಗಳ ಯಂತ್ರದ ಜೊತೆ ಅಲ್ಲ, ಅದರ ಮುಂದೆ ಕೂತವರ ಜೊತೆ. ಮೂರರ ನಡೆಯ ದಾದ್ರಾ ತಾಳದಲ್ಲಿ ತೂಗುತ್ತ ಬರುವ ಪದ ಸಿಕ್ಕರೆ ಸಾಕು, ಎಳೆದು ನಾಲ್ಕಕ್ಕೆ ಹಾಸಿ ಪ್ರತಿ ಮಾತ್ರೆಗೂ ಒಂದು ಗುದ್ದು ಹಾಕಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 110 ಗುದ್ದಿನ ವೇಗದಲ್ಲಿ ಒಂದು ಗುದ್ದಿನ ಅವಧಿ 545 ಮಿಲಿಸೆಕೆಂಡು. ಅದನ್ನು ಮೂರಾಗಿ ಒಡೆದರೆ ಒಂದೊಂದು ಪಾಲು 182, ನಾಲ್ಕಾಗಿ ಒಡೆದರೆ 136. ಮೂರರ ಪೆಟ್ಟನ್ನು ನಾಲ್ಕರ ಮನೆಗೆ ಕೂರಿಸು ಎಂದು ಲ್ಯಾಪ್‌ಟಾಪಿಗೆ ಹೇಳಿದರೆ ಎರಡನೆಯ ಪೆಟ್ಟು ಸುಮಾರು 45 ಮಿಲಿಸೆಕೆಂಡು ಬೇಗ ಬೀಳುತ್ತದೆ, ಮೂರನೆಯದು ಅಷ್ಟೇ ತಡ. ಇಷ್ಟರಲ್ಲಿ ಏನಿದೆ ಎನ್ನುವವರು ಒಮ್ಮೆ ಕುಣಿದು ನೋಡಲಿ. ಎತ್ತಿದ ಕಾಲಿಗೆ ನೆಲ ಸಿಗುವುದಿಲ್ಲ. ನಮ್ಮದೇ ಒಂದು ಪದವನ್ನು ಒಬ್ಬರು ಹೀಗೆ ಮಾಡಿ ಜಾತ್ರೆಯಲ್ಲಿ ಹಾಕಿದರು. ಅಜ್ಜಿ ಬೀಸುವಾಗ ಹಾಡುತ್ತಿದ್ದ ಧಾಟಿ ಅದು. ಬೀಸುಕಲ್ಲು ಸುತ್ತಿದಂತೆ ಸುತ್ತಬೇಕಾದದ್ದು ಮೊಳೆ ಹೊಡೆದಂತೆ ಕೇಳಿಸಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಕೇಳಿದರೆ, "ಜನಕ್ಕ ಇದ ಬೇಕು" ಎಂದರು. ಜನಕ್ಕೆ ಬೇರೆ ಏನು ಕೊಟ್ಟು ನೋಡಿದ್ದಾರೆ ಇವರು?

ನಾನು ಮಾಡುವುದು ಇಷ್ಟು. ಹಲಗಿಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಲೇ ಮೈಕಿನ ಮುಂದೆ ತರುತ್ತೇನೆ. ಕಾದ ಚರ್ಮದ ಮೊದಲ ಪೆಟ್ಟುಗಳು ಒಣಗಿದ ಕಟ್ಟಿಗೆ ಮುರಿದಂತೆ ಸಿಡಿಯುತ್ತವೆ. ಸ್ವಲ್ಪ ಹೊತ್ತಿಗೆ ಬಿಗಿ ಸಡಿಲಾಗಿ ದನಿ ಇಳಿಯುತ್ತದೆ. ಎರಡನ್ನೂ ಬೇರೆ ಬೇರೆ ಹಿಡಿದಿಟ್ಟು ಪ್ಯಾಡಿನ ಎಡಕ್ಕೆ ಬಿಸಿಯದು, ಬಲಕ್ಕೆ ಆರಿದ್ದು ತುಂಬುತ್ತೇನೆ. ಕೆಳಗೆ ಯಂತ್ರದ ಗುದ್ದು ತನ್ನ ಪಾಡಿಗೆ ಗಟ್ಟಿಯಾಗಿ ನಡೆಯಲಿ. ಮೇಲಿನ ಪೆಟ್ಟು ಮಾತ್ರ ಕೈಯಿಂದಲೇ ಬರಬೇಕು, ಅದನ್ನು ಮನೆಗೆ ಕೂರಿಸುವಂತಿಲ್ಲ. ಸಾಲು ಮುಗಿಯುವಲ್ಲಿ ಆರಿದ ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿ ಬಿಡುತ್ತೇನೆ. ದಣಿದ ಕೈ ಬಾರಿಸಿದಂತೆ ಕೇಳುತ್ತದೆ ಅದು. ಬೆಳಗಿನ ಜಾವದ ಹೆಜ್ಜೆಮೇಳ ಕೇಳಿದವರಿಗೆ ಆ ದಣಿವಿನ ರುಚಿ ಗೊತ್ತು.

ಗಜೇಂದ್ರಗಡದಲ್ಲಿ ಒಬ್ಬ ಹಿರಿಯರು ಹಲಗಿಯ ಅಂಚಿಗೆ ಸಣ್ಣ ಕೋಲಿನಿಂದ ಚಿಟಿಚಿಟಿ ನುಡಿಸುತ್ತಾರೆ. ಆ ಸದ್ದು ನನ್ನ ಪ್ಯಾಡಿನಲ್ಲಿ ಇನ್ನೂ ಇಲ್ಲ. ಮೈಕು, ಬೆಂಕಿಪೊಟ್ಟಣ ಚೀಲಕ್ಕೆ ಹಾಕಿಟ್ಟಿದ್ದೇನೆ. ನಾಳೆ ಬೆಳಿಗ್ಗೆಯ ಮೊದಲ ಬಸ್ಸು.