ಕಾರಿನ ಎಸಿಗೆ ಅಂಗಳದಲ್ಲೇ ಗ್ಯಾಸ್ ಹಾಕಿದ ಕಾಲ

ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ನಮ್ಮ ಮನೆಗೆ ಎಸಿ ಇದ್ದ ಮಾರುತಿ 800 ಬಂತು. ಅಂದಿನಿಂದ ಹೋಳಿ ಹುಣ್ಣಿಮೆ ಮುಗಿಯುತ್ತಲೇ ಕಾರಿಗೆ ಗ್ಯಾಸ್ ಹಾಕಿಸುವುದು ಮನೆಯ ವಾರ್ಷಿಕ ಕೆಲಸಗಳಲ್ಲಿ ಒಂದಾಯಿತು. ಗ್ಯಾರೇಜಿಗೆ ಹೋಗುವ ಮಾತಿರಲಿಲ್ಲ. ಫ್ರಿಜ್ ರಿಪೇರಿಯ ಉಸ್ತಾದರೇ ಸ್ಕೂಟರಿನಲ್ಲಿ ಸಿಲಿಂಡರ್ ಇಟ್ಟುಕೊಂಡು ಬರುತ್ತಿದ್ದರು. ಬೇವಿನ ಮರದ ನೆರಳಿಗೆ ಕಾರು ತಂದು, ಬಾನೆಟ್ ಎತ್ತಿ, ಕೆಂಪು-ನೀಲಿ ಗೇಜು ಜೋಡಿಸಿ, ಎಂಜಿನ್ ಚಾಲೂ ಮಾಡಿಸುವರು. ಅಮ್ಮ ಕಾಯಿಸಿಕೊಟ್ಟ ನೀರಿನ ಬಕೆಟ್ಟಿನಲ್ಲಿ ಸಿಲಿಂಡರ್ ನಿಲ್ಲಿಸಿದರೆ ಒತ್ತಡ ಏರಿ ಗ್ಯಾಸ್ ಬೇಗ ಇಳಿಯುತ್ತಿತ್ತು. ಎಸಿಯ ಡ್ರೈಯರಿನ ತಲೆಯ ಮೇಲೆ ಅಂಗಿ ಗುಂಡಿಯಷ್ಟು ಅಗಲದ ಗಾಜು. ಅದರೊಳಗೆ ಬೆಳ್ಳಗೆ ಓಡುವ ಗುಳ್ಳೆಗಳು ನಿಲ್ಲುವವರೆಗೆ ಉಸ್ತಾದರು ಬಗ್ಗಿಯೇ ಇರುತ್ತಿದ್ದರು. ಗುಳ್ಳೆ ನಿಂತರೆ ಗ್ಯಾಸ್ ಸಾಕು. ತೂಕ ಹಾಕಿದ್ದನ್ನು ಮಾತ್ರ ಯಾವತ್ತೂ ನೋಡಲಿಲ್ಲ.

ಸೋರಿಕೆ ಹುಡುಕಲು ಹಾಲೈಡ್ ಟಾರ್ಚ್ ಇತ್ತು. ಉರಿಯಲ್ಲಿ ಕೆಂಪಗೆ ಕಾದ ತಾಮ್ರದ ಬಿಲ್ಲೆ, ಪಕ್ಕದಲ್ಲಿ ಗಾಳಿ ಎಳೆಯುವ ರಬ್ಬರ್ ಕೊಳವೆ. ಕೊಳವೆಯ ತುದಿಯನ್ನು ಪೈಪಿನ ಜಾಯಿಂಟುಗಳ ಬಳಿ ಆಡಿಸುತ್ತ ಹೋದಾಗ ಸೋರುವ ಕಡೆ ಉರಿ ಹಸಿರಾಗುತ್ತಿತ್ತು. ನಾವು ಮಕ್ಕಳು ಅದನ್ನು ನೋಡಲೆಂದೇ ಮುಖ ಹತ್ತಿರ ಒಯ್ಯುತ್ತಿದ್ದೆವು. ಆ ಉರಿಗೆ ಸಿಕ್ಕ ಗ್ಯಾಸಿನಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟಾಗಿ ಸೋರಿಕೆ ಸಿಕ್ಕರೂ ಓ-ರಿಂಗ್ ಬದಲಿಸುವುದು ಅಪರೂಪ. "ಈ ಬ್ಯಾಸಿಗಿಗೆ ಸಾಕಾಗ್ತೈತ್ರಿ ಸಾರ್, ಮುಂದಿನ ವರ್ಷ ನೋಡಾನ" ಎನ್ನುವರು. ಅಪ್ಪ ತಲೆಯಾಡಿಸುವರು. ಪೈಪಿನೊಳಗಿನ ಗಾಳಿ ಓಡಿಸಲು ವ್ಯಾಕ್ಯೂಮ್ ಪಂಪು ತರುತ್ತಿರಲಿಲ್ಲ. ಜಾಯಿಂಟ್ ಸಡಿಲಿಸಿ ಗ್ಯಾಸನ್ನೇ ಹೊರಬಿಡುತ್ತಿದ್ದರು.

ಆ ಗ್ಯಾಸ್ ಆರ್-12. ಅದರ ಕ್ಲೋರಿನ್ ಓಜೋನ್ ಪದರವನ್ನು ತಿನ್ನುತ್ತದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಹೇಳಿದ್ದರು. ಇಂಥ ಗ್ಯಾಸುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆದದ್ದು 1987ರಲ್ಲಿ, ಭಾರತ ಸೇರಿದ್ದು 1992ರಲ್ಲಿ. ವಾತಾವರಣದಲ್ಲಿ ಆರ್-12ರ ಆಯುಷ್ಯ ಸುಮಾರು 100 ವರ್ಷ. ನಮ್ಮ ಬೇವಿನ ಮರದಡಿ ಹೊರಬಿಟ್ಟದ್ದರಲ್ಲಿ ಹೆಚ್ಚಿನ ಪಾಲು ಇನ್ನೂ ಮೇಲೆ ಇದೆ. ಉಸ್ತಾದರ ಕೈಚಳಕವನ್ನು ಇವತ್ತಿಗೂ ಮೆಚ್ಚುತ್ತೇನೆ. ಆದರೆ ಆ ಅಂಗಳದ ರಿಪೇರಿ ಮತ್ತೆ ಬರಲಿ ಎಂದು ನನಗೆ ಅನಿಸುವುದಿಲ್ಲ.

ಆಮೇಲೆ ಬಂದ ಆರ್-134ಎಯಲ್ಲಿ ಕ್ಲೋರಿನ್ ಇಲ್ಲ. ಹಾಗಾಗಿ ಓಜೋನಿಗೆ ಅಪಾಯವಿಲ್ಲ, ಹಾಲೈಡ್ ಟಾರ್ಚಿಗೆ ಕೆಲಸವೂ ಇಲ್ಲ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಅದರ ಸಣ್ಣ ಡಬ್ಬಿಗಳು ಈಗ ಆನ್‌ಲೈನಿನಲ್ಲೇ ಸಿಗುತ್ತವೆ. ನಾನು ತರಿಸುವುದಿಲ್ಲ. ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಒಂದೇ ವರ್ಷಕ್ಕೆ ಗ್ಯಾಸ್ ಕಮ್ಮಿಯಾಯಿತೆಂದರೆ ಎಲ್ಲೋ ಸೋರಿದೆ. ಗೇಜು ನೋಡಿ ಹಾಕುವುದೂ ಸಲ್ಲದು. ನಿಂತ ಕಾರಿನಲ್ಲಿ ಗೇಜಿನ ಮುಳ್ಳು ಆ ಹೊತ್ತಿನ ಉಷ್ಣತೆಗೆ ತಕ್ಕಂತೆ ನಿಲ್ಲುತ್ತದೆ. ಒಳಗೆ 200 ಗ್ರಾಂ ಇದ್ದರೂ 400 ಗ್ರಾಂ ಇದ್ದರೂ ಅದಕ್ಕೆ ಒಂದೇ.

ಮನೆಯಲ್ಲಿ ಮಾಡಬೇಕಾದ ಕೆಲಸ ಬೇರೆ ಇದೆ, ಅದನ್ನು ಬಿಡದೆ ಮಾಡುತ್ತೇನೆ. ಸಂಡೂರು, ಹೊಸಪೇಟೆ ಕಡೆ ಓಡಾಡುವ ಕಾರಿನ ಕಂಡೆನ್ಸರ್ ತೊಳೆದರೆ ಮೊದಲು ಇಳಿಯುವುದು ಅದಿರಿನ ಕೆಂಪು ನೀರು. ಎಂಜಿನ್ ತಣ್ಣಗಾದ ಮೇಲೆ ಗಿಡಕ್ಕೆ ನೀರು ಹಾಯಿಸುವ ಪೈಪಿನಿಂದ ಮೆಲ್ಲಗೆ ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಎಲೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ. ನಮ್ಮ ಕಾರಿನ ಕ್ಯಾಬಿನ್ ಫಿಲ್ಟರ್ ಗ್ಲೋವ್ ಬಾಕ್ಸಿನ ಹಿಂದೆ ಇದೆ, ಬರಿಗೈಯಲ್ಲೇ ಬಿಚ್ಚಬಹುದು. ಎಸಿ ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕುತ್ತಿದೆಯೇ ಎಂದೂ ನೋಡುತ್ತೇನೆ. ಆ ನೀರು ಇಳಿಯುವ ಪೈಪು ಕಟ್ಟಿಕೊಂಡರೆ ಅದು ಕಾಲಡಿಯ ಮ್ಯಾಟಿಗೆ ಬರುತ್ತದೆ. ಕೂಲಿಂಗ್ ಹೋಯಿತೆಂದು ಗ್ಯಾಸ್ ಹಾಕಿಸಲು ಹೊರಟ ಎಷ್ಟೋ ಕಾರುಗಳಿಗೆ ಇಷ್ಟೇ ಸಾಕಾಗುತ್ತದೆ. ಎಲೆಕ್ಟ್ರಿಕ್ ಕಾರಾದರೆ ಫಿಲ್ಟರ್ ಬದಲಿಸಿ ಅಲ್ಲಿಗೇ ನಿಲ್ಲಿಸುತ್ತೇನೆ. ಅದರ ಕಂಪ್ರೆಸರ್ ಹೈವೋಲ್ಟೇಜಿನದು, ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವಂತಿಲ್ಲ.

ಗ್ಯಾಸಿನ ಕೆಲಸವೇ ಬಂದಾಗ ಯಂತ್ರ ಇರುವ ಗ್ಯಾರೇಜು ಹುಡುಕಿ ಹೋಗುತ್ತೇನೆ. ಹಳೆಯ ಗ್ಯಾಸನ್ನು ಯಂತ್ರ ಎಳೆದುಕೊಂಡು ತೂಕ ತೋರಿಸುವವರೆಗೆ ಪಕ್ಕದಲ್ಲೇ ನಿಲ್ಲುತ್ತೇನೆ. ಬಾನೆಟ್ಟಿನ ಸ್ಟಿಕ್ಕರಿನಲ್ಲಿರುವ ತೂಕಕ್ಕಿಂತ ಅದು ತೀರಾ ಕಮ್ಮಿ ಬಂದರೆ, ಸೋರಿದ ಜಾಗ ಸಿಗುವವರೆಗೆ ಹೊಸದನ್ನು ಹಾಕಲು ಬಿಡುವುದಿಲ್ಲ.